ಓದುಗರ ಪ್ರಶ್ನೆ: ‘ಯೂ’ ಅಂದ್ರೆ ನೀನಾ, ನೀವಾ?

ಪ್ರಶ್ನೆ: ನಮ್ಮ ಕಾಲೇಜಲ್ಲಿ ಸರ್ ಒಬ್ರು ಅಮೆರಿಕದ ಕವಿ ಕ್ಲಾಡಿಯಾ ರ‍್ಯಾಂಕಿನ್ ಅವರ ‘ಸಿಟಿಜನ್’ ಓದಿ ಅಂದ್ರು. ತೆಗೆದು ನೋಡಿದ್ರೆ ಪುಟ ತುಂಬಾ ಗದ್ಯವೇ. ಇದು ಹೇಗೆ ಕವನ ಆಗ್ತದೆ? — ವಿದ್ಯಾರ್ಥಿನಿ, ಶಿರಸಿ

ಉತ್ತರ: ಈ ಡೌಟು ಅಲ್ಲಿಯೋರಿಗೂ ಇತ್ತು ನೋಡಿ. 2014ರಲ್ಲಿ ಪುಸ್ತಕ ಬಂದಾಗ ಅಮೆರಿಕದ ವಿಮರ್ಶಕರ ಸಂಸ್ಥೆ ಕೊಡೋ ಪ್ರಶಸ್ತಿಯಲ್ಲಿ ಅದು ಕವನ, ವಿಮರ್ಶೆ ಎರಡೂ ವಿಭಾಗದಲ್ಲಿ ಫೈನಲಿಗೆ ಹೋಯ್ತು, ಕೊನೆಗೆ ಗೆದ್ದದ್ದು ಕವನದ್ದು. ರ‍್ಯಾಂಕಿನ್ ಹುಟ್ಟಿದ್ದು 1963ರಲ್ಲಿ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, ಸಣ್ಣವರಿರುವಾಗಲೇ ನ್ಯೂಯಾರ್ಕಿಗೆ ಬಂದು ಅಲ್ಲೇ ಬೆಳೆದೋರು. ಪುಸ್ತಕದಲ್ಲಿರೋದು ಕರಿಯರು ದಿನದಿನ ತಿನ್ನೋ ಅವಮಾನಗಳು, ಗೆಳೆಯರ ಹತ್ರ ನಿಮಗೆ ಹೀಗೆ ಆದದ್ದಿದ್ರೆ ಹೇಳಿ ಅಂತ ಅವರು ಕೇಳಿ ಕೇಳಿ ಕೂಡಿಸಿದ ಸಣ್ಣ ಸಣ್ಣ ಪ್ರಸಂಗಗಳು. ಒಂದರಲ್ಲಿ ಕರಿಯ ವ್ಯಕ್ತಿಯೊಬ್ಬರು ಮನಸ್ಸಿನ ಗಾಯಕ್ಕೆ ಚಿಕಿತ್ಸೆ ಕೊಡೋ ಥೆರಪಿಸ್ಟ್ ಮನೆಗೆ ಹೋಗ್ತಾರೆ, ಅಷ್ಟು ದಿನ ಫೋನಲ್ಲೇ ಮಾತಾಡಿದ್ದು, ಅಪಾಯಿಂಟ್‌ಮೆಂಟೂ ಇದೆ, ಬೆಲ್ ಒತ್ತಿದ್ರೆ ಬಾಗಿಲು ತೆಗೆದ ಆಯಮ್ಮ ನನ್ನ ಮನೆ ಹತ್ರ ನಿಂಗೇನು ಕೆಲ್ಸ ಅಂತ ಕಿರುಚ್ತಾಳೆ. ಆಮೇಲೆ ಗೊತ್ತಾಗಿ ಸಾರಿ, ಸಾರಿ. ಅಷ್ಟೇ ಪ್ರಸಂಗ, ವಿವರಣೆ ಇಲ್ಲ, ಬೈಗುಳ ಇಲ್ಲ, ಅರ್ಧ ಪುಟ ಖಾಲಿ ಬಿಟ್ಟಿದಾರೆ. ಆ ಖಾಲಿ ಜಾಗದಲ್ಲಿ ನಾವು ಒಂದು ಗಳಿಗೆ ಬಾಗಿಲ ಹೊರಗೇ ನಿಲ್ತೇವಲ್ಲ, ನನಗೆ ಅದು ಕವನವೇ.

ಪ್ರಶ್ನೆ: ಮುಖಪುಟದ ಕಪ್ಪು ಟೋಪಿ ಏನು? — ಓದುಗರು, ಕುಮಟಾ

ಉತ್ತರ: ಹುಡುಗರು ಹಾಕ್ಕೊಳ್ಳೋ ಹೂಡಿಯ ತಲೆಭಾಗವನ್ನಷ್ಟೇ ಹರಿದು ಗೋಡೆಗೆ ತಗುಲಿಸಿದ್ದು, ಡೇವಿಡ್ ಹ್ಯಾಮನ್ಸ್ ಅನ್ನೋ ಕಲಾವಿದರ 1993ರ ಕೃತಿ. ಹೂಡಿ ಹಾಕಿದ್ದ ಟ್ರೇವಾನ್ ಮಾರ್ಟಿನ್ ಅನ್ನೋ 17ರ ಕರಿಯ ಹುಡುಗ ಅಮೆರಿಕದಲ್ಲಿ ಗುಂಡೇಟಿಗೆ ಸತ್ತದ್ದು 2012ರಲ್ಲಿ, ಅಂದ್ರೆ ಕೃತಿಯೇ ಮೊದಲು. ಪುಸ್ತಕದ ಒಳಗೆ ಹೀಗೆ ಸತ್ತ ಕರಿಯರ ಹೆಸರಿನ ಒಂದು ಪುಟ ಇದೆ, ಮರುಮುದ್ರಣ ಆದಾಗ ಅದಕ್ಕೆ ಹೊಸ ಹೆಸರು ಸೇರ್ತಾ ಬಂತು.

ಪ್ರಶ್ನೆ: ಕೆಲವು ಭಾಗ ಕನ್ನಡಕ್ಕೆ ಮಾಡ್ತಾ ಇದ್ದೇನೆ. ಅವರು ಎಲ್ಲಾ ಕಡೆ ‘ನಾನು’ ಬಿಟ್ಟು ‘ಯೂ’ ಅಂತಾರೆ. ‘ನೀನು’ ಹಾಕಲಾ, ‘ನೀವು’ ಹಾಕಲಾ? — ಶಿಕ್ಷಕಿ, ಕಾರವಾರ

ಉತ್ತರ: ಟೀಚರ್, ಈ ಪ್ರಶ್ನೆ ನನ್ನನ್ನ ಎರಡು ವಾರ ಬಿಡ್ಲಿಲ್ಲ. ಇಂಗ್ಲಿಷಲ್ಲಿ ಇರೋದೇ ಒಂದು, ಹಾಗಾಗಿ ಓದೋರು ಯಾರೇ ಇರ್ಲಿ, ಅವಮಾನ ತಿಂದವರ ಜಾಗದಲ್ಲಿ ಹೋಗಿ ಕೂರ್ಬೇಕಾಗ್ತದೆ. ನಮ್ಮಲ್ಲಿ ಹಾಗಲ್ಲ, ಬಾಯಿ ತೆಗೆಯೋ ಮೊದಲೇ ಎದುರಿನವರು ಎಷ್ಟು ದೊಡ್ಡವರು ಅಂತ ತೀರ್ಮಾನ ಆಗಿರ್ತದೆ.

ಯಲ್ಲಾಪುರದಿಂದ ಬರ್ತಾ ಬಸ್ಸಲ್ಲಿ ನನ್ನ ಪಕ್ಕ ಒಬ್ಬ ಸಿದ್ದಿ ಅಜ್ಜ ಕೂತಿದ್ರು, ಎಪ್ಪತ್ತರ ಮೇಲೆ ಇರಬಹುದು, ಚಿಲ್ಲರೆ ಎಣಿಸಿ ಅಂಗೈಯಲ್ಲಿ ರೆಡಿ ಹಿಡ್ಕೊಂಡಿದ್ರು. ಕಂಡಕ್ಟರ್ ಬಂದೋರು ಅವರಿಗೆ “ಏಯ್, ನಿಂಗೆಲ್ಲಿ?” ಅಂದ್ರು, ಅದೇ ಉಸಿರಲ್ಲಿ ನನ್ನ ಕಡೆ ತಿರುಗಿ “ನಿಮಗೆಲ್ಲಿಗೆ ಸರ್?” ಅಜ್ಜ ಊರಿನ ಹೆಸರು ಹೇಳಿ ಟಿಕೆಟ್ ಮಡಚಿ ಜೇಬಿಗೆ ಹಾಕಿದ್ರು. ನಾನು ಏನೂ ಮಾತಾಡ್ಲಿಲ್ಲ, ಮಾತಾಡ್ಬೇಕಿತ್ತು.

ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರ ವಂಶ ಸಿದ್ದಿಗಳದ್ದು. ತಲೆಮಾರುಗಳಿಂದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡಂಚಲ್ಲಿ ಇದ್ದಾರೆ, ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆದ್ರೂ ಅವರ ಮಕ್ಕಳಿಗೆ “ಯಾವ ದೇಶ ನಿಂದು? ಕನ್ನಡ ಬರ್ತದಾ?” ಅಂತ ಕೇಳೋರು ಇದ್ದಾರೆ. ‘ಸಿಟಿಜನ್’ ಅನ್ನೋ ಹೆಸರು ನಮ್ಮ ಜಿಲ್ಲೆಗೆ ತಾಗೋದು ಇಲ್ಲೇ.

ಅದಕ್ಕೇ ನನ್ನ ಸಲಹೆ, ಇಡೀ ಪುಸ್ತಕಕ್ಕೆ ಒಂದೇ ಪದ ಅಂತ ಕಟ್ಟಿಕೊಳ್ಬೇಡಿ. ಕವಿ ಮಾತಾಡಿಸೋವಾಗ ‘ನೀವು’ ಇರ್ಲಿ, ಪ್ರಸಂಗದೊಳಗಿನ ಜನ ಮಾತಾಡಿಸೋವಾಗ ‘ನೀನು’ ಬರ್ಲಿ. ಥೆರಪಿಸ್ಟ್ ಬಾಗಿಲು ತೆಗೆದಾಗ “ನಿಂಗೇನು ಕೆಲ್ಸ ಇಲ್ಲಿ”, ಸಾರಿ ಹೇಳುವಾಗ “ನೀವು ಅಂತ ಗೊತ್ತಾಗ್ಲಿಲ್ಲ”. ಇಂಗ್ಲಿಷಿಗೆ ಇದು ಸಾಧ್ಯ ಇಲ್ಲ, ಕನ್ನಡಕ್ಕೆ ಇದೆ. ಮಾಡಿ ಮುಗಿಸಿದ್ಮೇಲೆ ಒಂದು ಪ್ರಸಂಗ ನನಗೆ ಕಳಿಸಿ, ಓದ್ಬೇಕು.