ಕ್ರೀಡಾ ವೈದ್ಯಕೀಯದ ಪದಗಳನ್ನು ಬಿಡಿಸಿ ಓದುವುದು ಹೇಗೆ?

ಪಾದ ಉಳುಕಿದ ಮೇಲೆ ಮಾಡಿಸಿದ ಎಂಆರ್‌ಐ ವರದಿಯಲ್ಲಿ ‘ಆಂಟೀರಿಯರ್ ಟೇಲೋಫಿಬ್ಯುಲರ್ ಲಿಗಮೆಂಟ್, ಗ್ರೇಡ್ 2 ಟೇರ್’ ಎಂದಿರುವುದರ ಅರ್ಥವೇನು, ಇಂಥ ಪದಗಳನ್ನು ಬಾಯಿಪಾಠ ಮಾಡದೆ ತಿಳಿಯಬಹುದೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಹಲವು ವರ್ಷ ಓಡಿ, ಇಂಥವೇ ವರದಿಗಳನ್ನು ಕೈಯಲ್ಲಿ ಹಿಡಿದು ಕಂಗಾಲಾದವನು. ಬಾಯಿಪಾಠ ಬೇಕಿಲ್ಲ. ಈ ಹೆಸರುಗಳಲ್ಲಿ ಬಹಳಷ್ಟು ಬರೀ ವಿಳಾಸಗಳು.

ನಿಮ್ಮ ವರದಿಯನ್ನೇ ಬಿಡಿಸೋಣ. ‘ಆಂಟೀರಿಯರ್’ ಎಂದರೆ ಮುಂಭಾಗದ್ದು. ‘ಟೇಲೋ’ ಎಂಬುದು ಪಾದದ ಕೀಲಿನೊಳಗೆ ಕೂತಿರುವ ಟೇಲಸ್ ಮೂಳೆ. ‘ಫಿಬ್ಯುಲರ್’ ಎಂಬುದು ಮೊಣಕಾಲಿನಿಂದ ಕೆಳಕ್ಕೆ ಹೊರಮಗ್ಗುಲಲ್ಲಿ ಇಳಿಯುವ ತೆಳ್ಳನೆಯ ಫಿಬ್ಯುಲಾ ಮೂಳೆ. ‘ಲಿಗಮೆಂಟ್’ ಎಂದರೆ ಮೂಳೆಯನ್ನು ಮೂಳೆಗೆ ಕಟ್ಟುವ ಅಸ್ಥಿರಜ್ಜು. ಪಾದದ ಹೊರಬದಿಯಲ್ಲಿ ಎದ್ದು ಕಾಣುವ ಗಂಟನ್ನು ಮುಟ್ಟಿಕೊಳ್ಳಿ, ಅದು ಫಿಬ್ಯುಲಾದ ತುದಿ; ಅದರ ತುಸು ಮುಂದಿನ ತಗ್ಗಿನಲ್ಲಿ ಬೆರಳಿಟ್ಟಾಗ ನೋಯುತ್ತಿದ್ದರೆ ಈ ರಜ್ಜು ಇರುವುದು ಅಲ್ಲಿಯೇ. ಪಾದ ಒಳಕ್ಕೆ ಮಗುಚಿದಾಗ ಜಗ್ಗುವುದು ಹೊರಮಗ್ಗುಲಾದ್ದರಿಂದ ಉಳುಕಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟು ತಿನ್ನುವುದೂ ಇದೇ. ಗ್ರೇಡ್ 1 ಎಂದರೆ ಎಳೆಗಳು ಹಿಗ್ಗಿವೆ, 2 ಎಂದರೆ ಭಾಗಶಃ ಹರಿದಿದೆ, 3 ಎಂದರೆ ಪೂರ್ತಿ ಹರಿದಿದೆ.

ನಮ್ಮ ಗೊಂದಲಕ್ಕೆ ಇಂಗ್ಲಿಷಿನಷ್ಟೇ ನಮ್ಮ ಆಡುಮಾತೂ ಕಾರಣ. ಅಸ್ಥಿರಜ್ಜು ಹಿಗ್ಗುವ ‘ಸ್ಪ್ರೇನ್’ ಬೇರೆ, ಸ್ನಾಯು ಅಥವಾ ಅದನ್ನು ಮೂಳೆಗೆ ಅಂಟಿಸುವ ಸ್ನಾಯುರಜ್ಜು, ಅಂದರೆ ಟೆಂಡನ್, ಹಿಗ್ಗುವ ‘ಸ್ಟ್ರೇನ್’ ಬೇರೆ. ನಾವಾದರೋ ಎರಡಕ್ಕೂ ‘ಉಳುಕು’ ಎನ್ನುತ್ತೇವೆ, ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹಿಡಿದುಕೊಂಡರೆ ‘ನರ ಎಳೆದಿದೆ’ ಎಂದುಬಿಡುತ್ತೇವೆ. ನರಕ್ಕೇ ತೊಂದರೆಯಾಗಿದ್ದರೆ ಸಾಮಾನ್ಯವಾಗಿ ಜೋಮು, ಚುರುಚುರು, ಬಲಹೀನತೆ ಇರುತ್ತವೆ. ಆದ್ದರಿಂದ ವೈದ್ಯರ ಮುಂದೆ ‘ನರ’ ಎಂಬ ಪದವನ್ನು ಸಡಿಲವಾಗಿ ಬಳಸದಿರುವುದು ಒಳ್ಳೆಯದು (ನಾನು ಬಳಸಿ ಪೇಚಿಗೆ ಸಿಕ್ಕಿದ್ದೇನೆ).

ದಿಕ್ಕಿನ ಪದಗಳಲ್ಲಿ ‘ಮೀಡಿಯಲ್’ ದೇಹದ ನಡುಗೆರೆಯ ಕಡೆಯದು, ‘ಲ್ಯಾಟರಲ್’ ಹೊರಗಡೆಯದು. ಇವನ್ನು ಅಳೆಯುವುದು ಅಂಗೈಗಳನ್ನು ಮುಂದಕ್ಕೆ ತೋರಿಸಿ ನೆಟ್ಟಗೆ ನಿಂತ ದೇಹದ ಮೇಲೆ. ಹಾಗೆ ನಿಂತಾಗ ಹೆಬ್ಬೆರಳು ಹೊರಗಡೆ ಬರುವುದರಿಂದ, ಮೊಣಕೈಯ ಹೊರಗಂಟಿನಲ್ಲಿ ನೋಯುವ ಟೆನಿಸ್ ಎಲ್ಬೋ ‘ಲ್ಯಾಟರಲ್’ ಎನಿಸಿಕೊಳ್ಳುತ್ತದೆ. ಇನ್ನು ಪದದ ಕೊನೆಯಲ್ಲಿ ‘ಐಟಿಸ್’ ಬಂದರೆ ಉರಿಯೂತ. ‘ಟೆಂಡಿನೋಸಿಸ್’ ಎಂದಿದ್ದರೆ ರಜ್ಜುವಿನ ಎಳೆಗಳೇ ಸವೆದು ಹದಗೆಟ್ಟಿವೆ ಎಂದರ್ಥ.

ಕೀಲು ಎಷ್ಟು ಸಡಿಲವಾಗಿದೆ ಎಂಬುದು ಗ್ರೇಡಿನ ಅಂಕಿಯೊಂದರಿಂದಲೇ ತಿಳಿಯದು, ಅದನ್ನು ವೈದ್ಯರಲ್ಲಿ ಕೇಳಿ. ಅವರು ಒಂದು ಕೈಯಲ್ಲಿ ಕಾಲನ್ನು ಹಿಡಿದು, ಇನ್ನೊಂದರಿಂದ ಹಿಮ್ಮಡಿಯನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಮೇಜಿನ ಡ್ರಾಯರ್ ಎಳೆದಂತೆ ಕಾಣುವ ಆ ಪರೀಕ್ಷೆಯ ಹೆಸರು ‘ಆಂಟೀರಿಯರ್ ಡ್ರಾಯರ್ ಟೆಸ್ಟ್’. ಅದನ್ನು ನೀವೀಗ ಬಿಡಿಸಬಲ್ಲಿರಿ.