ಸೊಂಟದ ಕೀಲು ಬದಲಿಸಿದ ಮೇಲೂ ನೋವು ಹೋಗಿಲ್ಲ, ಕಾರಣವೂ ಸಿಗ್ತಿಲ್ಲ. ಏನು ಮಾಡಲಿ?

ನಮಸ್ಕಾರ. ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಎಡಗಡೆ ಕೀಲು ಬದಲಿಸಿ 14 ತಿಂಗಳಾಯಿತು. ಎಕ್ಸ್‌ರೇ ಸರಿಯಿದೆ, ರಕ್ತ ಪರೀಕ್ಷೆ ಸರಿಯಿದೆ. ಡಾಕ್ಟರು ‘ಎಲ್ಲಾ ನಾರ್ಮಲ್, ನಡೀತಾ ಇರಿ’ ಅಂತಾರೆ. ಆದರೆ ನೋವು ಹಾಗೇ ಇದೆ. ಮನೆಯವರು ಇದು ಬರೀ ಭ್ರಮೆ ಅನ್ನುತ್ತಿದ್ದಾರೆ. ಇನ್ನೊಂದು ಆಪರೇಷನ್ ಮಾಡಿಸಲಾ, ಇಲ್ಲ ಹೀಗೇ ಸಹಿಸಿಕೊಂಡಿರಲಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಹಾಸನ ಕಡೆಯವಳು, ಪ್ರೈಮರಿ ಸ್ಕೂಲ್ ಟೀಚರ್ ಆಗಿ ನಿವೃತ್ತಳಾದವಳು. ಈಗ 61 ವರ್ಷ. ಆಸ್ತಮಾಕ್ಕೆ ಅಂತ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ದೆ. ತೊಡೆಮೂಳೆಯ ತಲೆಗೆ ರಕ್ತ ಹೋಗದೆ ಅದು ಕುಸಿದುಹೋಯಿತು. ಎವಿಎನ್ ಅಂತಾರಲ್ಲ, ಅದು. 2018ರಲ್ಲಿ ಬಲಗಡೆ ಕೀಲು ಬದಲಿಸಿದರು. ಹಳೇ ನೋವು ಹೋಯಿತು, ಕೆಲವೇ ವಾರಕ್ಕೆ ಹೊಸದೊಂದು ಬಂತು. ಅದಕ್ಕೆ ಇಂಥದ್ದೇ ಕಾರಣ ಅಂತ ಇವತ್ತಿನವರೆಗೂ ಯಾರೂ ಹೇಳಿಲ್ಲ.

ಮೊದಲು ಆ ಭ್ರಮೆ ಅನ್ನೋ ಮಾತು. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸೊಂಟದ ಕೀಲು ಬದಲಿಸಿಕೊಂಡವರಲ್ಲಿ 100ಕ್ಕೆ 7ರಿಂದ 23 ಜನ, ತಿಂಗಳುಗಟ್ಟಲೆ ವರ್ಷಗಟ್ಟಲೆ ಆದ ಮೇಲೂ ತಮಗೆ ನೋವಿದೆ ಅಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಆಪರೇಷನ್ ಆಗಿ 3 ತಿಂಗಳು ದಾಟಿದರೂ ಉಳಿಯುವ ನೋವಿಗೆ ಬೇರೆ ಹೆಸರೇ ಇದೆ, ಬೇರೆ ಕೋಡೇ ಇದೆ. ಇದನ್ನು ದಯವಿಟ್ಟು ನಿಮ್ಮ ಮನೆಯವರಿಗೆ ಓದಿ ಹೇಳಿ. ಯಾರೂ ಸುಮ್ನೆ ಕೂತು ನೋವನ್ನು ಹುಟ್ಟಿಸಿಕೊಳ್ಳುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಕಾರಣ ಹುಡುಕಿಸುವುದು ಒಂದು ಕೆಲಸ. ನೋವು ಇಟ್ಟುಕೊಂಡೇ ದಿನ ನಡೆಸುವುದು ಇನ್ನೊಂದು. ಮೊದಲನೆಯದು ಮುಗಿಯಲಿ, ಆಮೇಲೆ ಎರಡನೆಯದು ನೋಡೋಣ ಅಂತ ನಾನು ಎರಡು ವರ್ಷ ಕಾದೆ. ಆ ಎರಡು ವರ್ಷದಲ್ಲಿ ಕಾಲು ಇನ್ನೂ ಸೊರಗಿತು, ಮನಸ್ಸೂ ಸೊರಗಿತು. ನೀವು ಎರಡನ್ನೂ ಈ ವಾರವೇ ಜೊತೆಜೊತೆಗೆ ಶುರು ಮಾಡಿ. ಇಷ್ಟು ಉದ್ದ ಬರೆಯುತ್ತಿರುವುದೇ ಈ ಮಾತಿಗೋಸ್ಕರ.

ಹುಡುಕುವ ಕೆಲಸ ಎಲ್ಲಿಂದ ಶುರು ಅಂದರೆ, ‘ಸೊಂಟ’ ಅನ್ನೋ ಪದ ಬಿಡುವುದರಿಂದ. ನಮ್ಮಲ್ಲಿ ಬೆನ್ನಿನ ಕೆಳಭಾಗವೂ ಸೊಂಟ, ಚಪ್ಪೆಯೂ ಸೊಂಟ, ತೊಡೆ ಸೇರುವ ಜಾಗವೂ ಸೊಂಟ. ನನಗೆ ನೋಯುತ್ತಿದ್ದುದು ತೊಡೆಸಂದಿನಲ್ಲಿ. ಡಾಕ್ಟರ ಮುಂದೆ, ಪಕ್ಕದಲ್ಲಿ ಮೈದುನ ನಿಂತಿರುವಾಗ, ಆ ಜಾಗ ತೋರಿಸಲು ಸಂಕೋಚ. ಪ್ರತಿ ಸಲವೂ ‘ಸೊಂಟ ನೋವು ಸರ್’ ಅನ್ನುತ್ತಿದ್ದೆ. ಅವರು ಬೆನ್ನುಮೂಳೆಗೆ ಎಂಆರ್‌ಐ ಮಾಡಿಸಿದರು. ನನ್ನ ವಯಸ್ಸಿನ ಯಾರ ಬೆನ್ನಲ್ಲಾದರೂ ಸ್ವಲ್ಪ ಸವೆತ ಕಾಣುತ್ತೆ, ನನಗೂ ಕಂಡಿತು. ಎಂಟು ತಿಂಗಳು ಬೆನ್ನಿಗೆ ಚಿಕಿತ್ಸೆ ನಡೆಯಿತು. ಕೊನೆಗೆ ಬೆಂಗಳೂರಲ್ಲಿ ಎರಡನೇ ಅಭಿಪ್ರಾಯಕ್ಕೆ ಹೋದಾಗ ಅಲ್ಲಿನ ಡಾಕ್ಟರು ರಿಪೋರ್ಟ್ ಕಟ್ಟನ್ನು ಮುಟ್ಟಲೇ ಇಲ್ಲ. ಜೊತೆಗೆ ಬಂದವರನ್ನು ಹೊರಗೆ ಕೂರಲು ಹೇಳಿ, ‘ಅಮ್ಮಾ, ಎಲ್ಲಿ ನೋಯುತ್ತೆ, ಒಂದೇ ಬೆರಳಲ್ಲಿ ಮುಟ್ಟಿ ತೋರಿಸಿ’ ಅಂದರು. ಬೆರಳು ಸೀದಾ ತೊಡೆಸಂದಿಗೆ ಹೋಯಿತು. ‘ಇದನ್ನ ಮೊದಲೇ ಯಾರಿಗಾದರೂ ತೋರಿಸಿದ್ರಾ?’ ಅಂತ ಕೇಳಿದರು. ನಾನು ತಲೆ ತಗ್ಗಿಸಿದೆ.

ಜಾಗ ಯಾಕೆ ಅಷ್ಟು ಮುಖ್ಯ ಅಂದರೆ, ಒಂದೊಂದು ಜಾಗ ಒಂದೊಂದು ಕಡೆ ಕೈ ತೋರಿಸುತ್ತೆ. ತೊಡೆಸಂದಿನ ನೋವು ಸಾಮಾನ್ಯವಾಗಿ ಬಟ್ಟಲಿನ ಕಡೆಗೆ (ಹೊಸ ಕೀಲಿನಲ್ಲಿ ಚಪ್ಪೆಮೂಳೆಗೆ ಕೂರಿಸಿದ ಭಾಗ ಅದು), ಇಲ್ಲ ಅದರ ಮುಂದೆ ಹಾದುಹೋಗುವ ಸ್ನಾಯುವಿನ ಕಡೆಗೆ. ಬಟ್ಟಲಿನ ಅಂಚು ಸ್ವಲ್ಪ ಮುಂದಕ್ಕೆ ಚಾಚಿದ್ದರೆ ಆ ಸ್ನಾಯು ಉಜ್ಜುತ್ತೆ. ಕಾರು ಹತ್ತಲು ಕಾಲೆತ್ತಿದಾಗ ಚುಳುಕ್ ಅನ್ನುತ್ತೆ. ಹರ್ನಿಯಾ ಇದ್ದರೂ ಅಲ್ಲೇ ನೋಯಬಹುದು. ತೊಡೆಯ ಹೊರಬದಿ ನೋವು, ಆ ಮಗ್ಗುಲಿಗೆ ಮಲಗಲು ಆಗಲ್ಲ ಅಂದರೆ ಪಿರ್ರೆಯ ಸ್ನಾಯುಗಳು ಮೂಳೆಗೆ ಅಂಟುವ ಜಾಗ ನೋಡುತ್ತಾರೆ. ತೊಡೆಯ ನಡುವೆ ಮುಂಭಾಗದಲ್ಲಿ ಅಂದರೆ ಮೂಳೆಯೊಳಗೆ ಇಳಿಸಿದ ಕಂಬಿಯ ತುದಿ. ಪಿರ್ರೆಯಿಂದ ಮೊಣಕಾಲು ದಾಟಿ ಕೆಳಗಿಳಿದರೆ ಬೆನ್ನಿನ ನರ.

ಹೊತ್ತು ಕೂಡ ಹೇಳಿ. ಕೂತು ಎದ್ದ ಮೊದಲ ನಾಲ್ಕು ಹೆಜ್ಜೆಗೆ ಜಾಸ್ತಿ, ಆಮೇಲೆ ಕಡಿಮೆ ಅಂದರೆ ಕೀಲು ಸಡಿಲ ಆಗಿದೆಯಾ ಅಂತ ನೋಡಬೇಕು. ಆಪರೇಷನ್ ದಿನದಿಂದ ಒಂದು ದಿನವೂ ಬಿಡದೆ, ಮಲಗಿದ್ದಾಗಲೂ ನೋವಿದೆ ಅಂದರೆ ಒಳಗೆ ಸೋಂಕು ಇದೆಯಾ ಅಂತ ಖಚಿತ ಮಾಡಿಕೊಳ್ಳಬೇಕು. ಮೆಲ್ಲಗೆ ಒಳಗೊಳಗೇ ಇರುವ ಸೋಂಕು ಇಎಸ್‌ಆರ್, ಸಿಆರ್‌ಪಿ ಅನ್ನೋ ರಕ್ತ ಪರೀಕ್ಷೆ ಎರಡರಲ್ಲೂ ಕಾಣದೆ ಹೋಗಬಹುದು. ಅನುಮಾನ ಇದ್ದರೆ ಕೀಲಿನಿಂದ ಸೂಜಿಯಲ್ಲಿ ನೀರು ತೆಗೆದು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಯುತ್ತಾ ಅಂತ ನೋಡುವ ಪರೀಕ್ಷೆಗೆ, ಕಳಿಸುತ್ತಾರೆ. ಅದಕ್ಕೆ ಮುಂಚೆ ಯಾರೋ ಬರೆದುಕೊಟ್ಟ ಆಂಟಿಬಯಾಟಿಕ್ ನುಂಗಬೇಡಿ, ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು.

ಡಿಸ್ಚಾರ್ಜ್ ಫೈಲ್‌ನಲ್ಲಿ ಕೀಲಿನ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದರ ಫೋಟೋ ತೆಗೆದಿಡಿ. ಲೋಹದ ಮೇಲೆ ಲೋಹ ಉಜ್ಜುವ ಕೀಲಾಗಿದ್ದರೆ ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ನೋಡಿಸಬೇಕು. ಅಂಥ ಒಂದು ಕೀಲನ್ನೇ, ಡಿಪ್ಯೂ ಕಂಪನಿಯ ಎಎಸ್‌ಆರ್, 2010ರಲ್ಲಿ ಪ್ರಪಂಚದ ಎಲ್ಲ ಕಡೆಯಿಂದ ವಾಪಸ್ ತೆಗೆದುಕೊಂಡರು. ನಮ್ಮ ದೇಶದಲ್ಲೂ ಸಾವಿರಾರು ಜನಕ್ಕೆ ಹಾಕಿದ್ದರು. ನಿಮ್ಮದು 14 ತಿಂಗಳ ಹಿಂದಿನದು, ಹಾಗಾಗಿ ಅದಾಗಿರುವುದಿಲ್ಲ. ಆದರೂ ಸ್ಟಿಕ್ಕರ್ ಬೇಕೇ ಬೇಕು. ಮತ್ತೆ ಎಕ್ಸ್‌ರೇ ಅಂದರೆ ಇವತ್ತಿನದೊಂದೇ ಸಾಲದು. ಆಪರೇಷನ್ ಆದ ಕೂಡಲೇ ತೆಗೆದ ಫಿಲ್ಮ್ ಪಕ್ಕದಲ್ಲಿಟ್ಟು ನೋಡಿದರೇನೇ ಕೀಲು ಕದಲಿದೆಯೋ ಇಲ್ಲವೋ ಗೊತ್ತಾಗೋದು.

ನನಗೆ ಇಷ್ಟೂ ಆಯಿತು. ಬಟ್ಟಲಿನ ಕೋನ ನೋಡಲು ಸಿಟಿ ಸ್ಕ್ಯಾನ್ ಆಯಿತು, ಕೀಲಿನಿಂದ ನೀರು ತೆಗೆದಿದ್ದಾಯಿತು. ಆ ಸ್ನಾಯುವಿನ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಎರಡು ದಿನ ಸ್ವರ್ಗ, ಮೂರನೇ ದಿನ ಮತ್ತೆ ಅದೇ. ಇನ್ನೊಂದು ಸಲ ಕೊಟ್ಟಾಗ ಒಂದು ಗಂಟೆಯೂ ಕಡಿಮೆ ಆಗಲಿಲ್ಲ. ಯಾವುದೂ ಖಚಿತ ಆಗಲಿಲ್ಲ.

ಆಗ ನಾನೂ ನಿಮ್ಮ ಹಾಗೇ ಕೇಳಿದೆ, ಈ ಕೀಲು ತೆಗೆದು ಬೇರೆ ಹಾಕಿಬಿಡಿ ಅಂತ. ಡಾಕ್ಟರು ಹೇಳಿದ್ದು ನೆನಪಿದೆ. ‘ಸಡಿಲ ಆಗಿದ್ದರೆ, ಸೋಂಕಿದ್ದರೆ ನಾಳೆಯೇ ಮಾಡ್ತೀನಿ. ಏನು ಸರಿ ಮಾಡಬೇಕು ಅಂತ ಗೊತ್ತಿಲ್ಲದೆ ಕುಯ್ದರೆ ನೋವು ಹೋಗೋದು ಕಡಿಮೆ, ಹೊಸ ತೊಂದರೆ ಬರೋದು ಜಾಸ್ತಿ.’ ಎರಡನೇ ಸಲದ ಆಪರೇಷನ್‌ನಲ್ಲಿ ಸೋಂಕು, ಕೀಲು ಜಾರುವುದು ಇವೆಲ್ಲ ಮೊದಲ ಸಲಕ್ಕಿಂತ ಹೆಚ್ಚು. ಹಾಗಾಗಿ ನಿಮಗೂ ನನ್ನ ಉತ್ತರ ಅದೇ. ಕಾರಣ ಕೈಗೆ ಸಿಗದೆ ಆಪರೇಷನ್ ಮೇಜು ಹತ್ತಬೇಡಿ. ಯಾರಾದರೂ ‘ತೆಗೆದು ನೋಡೋಣ’ ಅಂದರೆ, ಏನು ಸಿಗಬಹುದು ಅಂದುಕೊಂಡು ತೆಗೆಯುತ್ತೀರಿ ಅಂತ ಕೇಳಿ. ಉತ್ತರ ಸ್ಪಷ್ಟ ಇರದಿದ್ದರೆ ಇನ್ನೊಬ್ಬರನ್ನು ನೋಡಿ.

ಕಾರಣ ಸಿಗದಿದ್ದರೂ ನೋವು ಯಾಕೆ ಉಳಿಯುತ್ತೆ? ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮನೆಗೆ ಒಂದು ಸಲ ಕಳ್ಳ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಹಲ್ಲಿ ಸದ್ದಾದರೂ ಎಚ್ಚರ ಆಗುತ್ತಲ್ಲ, ನರಗಳೂ ಹಾಗೇ. ಆಪರೇಷನ್‌ಗೆ ಮುಂಚೆ ವರ್ಷಗಟ್ಟಲೆ ನೋವುಂಡ ನರ, ಮೆದುಳು ಎರಡೂ ಸಣ್ಣ ಸೆಳೆತಕ್ಕೂ ದೊಡ್ಡ ಸದ್ದು ಮಾಡುತ್ತವೆ. ಎಕ್ಸ್‌ರೇ ಮೂಳೆ ತೋರಿಸುತ್ತೆ, ಆ ಎಚ್ಚರವನ್ನು ತೋರಿಸಲ್ಲ. ಇದಕ್ಕೆ ನೋಡುವವರು ಬೇರೆಯೇ ಇದ್ದಾರೆ. ಪೇನ್ ಕ್ಲಿನಿಕ್ ಅಂತ ಕೇಳಿ. ಹೆಚ್ಚಾಗಿ ಅನಸ್ತೇಷಿಯಾ ಡಾಕ್ಟರುಗಳೇ ನಡೆಸುತ್ತಾರೆ. ಇಂಥದ್ದೊಂದು ಇದೆ ಅಂತ ನನಗೆ ಎರಡು ವರ್ಷ ಯಾರೂ ಹೇಳಿರಲಿಲ್ಲ.

ಅಲ್ಲಿ ರಾತ್ರಿಗೆ ಒಂದು ಚಿಕ್ಕ ಮಾತ್ರೆ ಬರೆದರು, ಅಮಿಟ್ರಿಪ್ಟಿಲಿನ್. ಮೆಡಿಕಲ್ ಶಾಪಿನ ಹುಡುಗ ‘ಇದು ಡಿಪ್ರೆಷನ್‌ದು ಆಂಟಿ’ ಅಂದ. ನನಗೆ ಅಳು ಬಂತು. ಇವರೂ ಇದನ್ನ ಮನಸ್ಸಿನ ಕಾಯಿಲೆ ಅಂದುಕೊಂಡರಲ್ಲ ಅಂತ. ಮಾರನೇ ದಿನ ಫೋನ್ ಮಾಡಿ ಕೇಳಿದರೆ, ಕಡಿಮೆ ಡೋಸ್‌ನಲ್ಲಿ ಅದನ್ನು ನರದ ನೋವಿಗೇ ಕೊಡುತ್ತಾರೆ ಅಂತ ಸಮಾಧಾನವಾಗಿ ವಿವರಿಸಿದರು. ಬಾಯಿ ಒಣಗುತ್ತೆ, ಬೆಳಿಗ್ಗೆ ಸ್ವಲ್ಪ ಮಂಪರು. ಆದರೆ ಎರಡು ವರ್ಷದಲ್ಲಿ ಮೊದಲ ಸಲ ಐದು ಗಂಟೆ ಸತತ ನಿದ್ದೆ ಮಾಡಿದೆ. ನಿಮಗೂ ಅದೇ ಹೊಂದುತ್ತೆ ಅಂತಲ್ಲ, ನೀವಾಗೇ ತೆಗೆದುಕೊಳ್ಳಬೇಡಿ. ಹೆಸರು ಕೇಳಿ ಹೆದರಬೇಡಿ ಅಂತ ಮಾತ್ರ ಹೇಳುತ್ತಿದ್ದೇನೆ. ಹೆದರಬೇಕಾದ್ದು ಚೀಟಿ ಇಲ್ಲದೆ ಸಿಗುವ ನೋವಿನ ಮಾತ್ರೆಗೆ. ದಿನಕ್ಕೊಂದು ಡೈಕ್ಲೋಫಿನಾಕ್ ಅಂತ ನಾಲ್ಕು ತಿಂಗಳು ನುಂಗಿದೆ, ಕ್ರಿಯಾಟಿನಿನ್ ಏರಿತು, ಅಂದರೆ ಕಿಡ್ನಿಗೆ ಪೆಟ್ಟು ಬಿತ್ತು. ನಿಲ್ಲಿಸಿದ ಮೇಲೆ ಇಳಿಯಿತು, ನನ್ನ ಪುಣ್ಯ.

ದಿನ ನಡೆಸುವುದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಆಗಿದ್ದು ಗಡಿಯಾರ. ಮುಂಚೆ ನೋವು ಕಡಿಮೆ ಇರುವ ದಿನ ಮನೆಯೆಲ್ಲ ಗುಡಿಸಿ, ಒರೆಸಿ, ಸಂತೆಗೂ ಹೋಗಿ ಬರುತ್ತಿದ್ದೆ. ಆಮೇಲೆ ಮೂರು ದಿನ ಹಾಸಿಗೆ. ಫಿಸಿಯೋ ಹುಡುಗಿ ಒಂದು ವಾರ ಬರೀ ಅಳೆಯಲು ಹೇಳಿದಳು. ಒಲೆ ಮುಂದೆ ನಿಂತು ಎಷ್ಟು ನಿಮಿಷಕ್ಕೆ ನೋವು ಶುರು? ನನ್ನದು ಸುಮಾರು 20. ‘ಹಾಗಾದ್ರೆ 15ಕ್ಕೇ ಕೂತ್ಕೊಳ್ಳಿ ಆಂಟಿ, ನೋವು ಬಂದಿರಲಿ ಬರದಿರಲಿ’ ಅಂದಳು. ತವಾ ಮೇಲೆ ರೊಟ್ಟಿ ಇದ್ದಾಗ ಮೊಬೈಲ್ ಬಡಿದುಕೊಳ್ಳುತ್ತೆ, ಇನ್ನೆರಡೇ ತಾನೇ, ಮುಗಿಸೋಣ ಅನ್ನಿಸುತ್ತೆ. ಒಲೆ ಆರಿಸಿ ಕೂರುವುದು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ಹಿಟ್ಟಿನ ಉಂಡೆ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಎತ್ತರದ ಸ್ಟೂಲ್ ಮೇಲೆ ಕೂತು, ಹತ್ತು ನಿಮಿಷ ಆದ ಮೇಲೆ ಮತ್ತೆ ನಿಲ್ಲುತ್ತಿದ್ದೆ. ವಾರಕ್ಕೆ ಒಂದೆರಡು ನಿಮಿಷ ಏರಿಸಿದೆ. ಈಗ 40 ನಿಮಿಷ ನಿಲ್ಲುತ್ತೇನೆ. ನಡಿಗೆಗೂ ಅದೇ ಲೆಕ್ಕ. ಪಿರ್ರೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನೂ ಅವಳೇ ಹೇಳಿಕೊಟ್ಟಳು, ಇವತ್ತಿಗೂ ಬಿಟ್ಟಿಲ್ಲ.

ಇನ್ನೊಂದು ಚಿಕ್ಕದು. ಕಾರಿನ ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಸಿ. ಮೊದಲು ಹೊರಗೆ ಮುಖ ಮಾಡಿ ಕೂತು, ತೊಡೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ಒಳಗೆ ತಿರುಗಿ. ಕವರ್ ಜಾರುತ್ತೆ, ಕೀಲು ತಿರುಚುವುದಿಲ್ಲ. ಗಾಡಿ ಹೊರಡುವ ಮುಂಚೆ ಕವರ್ ಎಳೆದು ತೆಗೆಯಿರಿ.

ಮಕ್ಕಳ ಮುಂದೆ ನೋವು ಮುಚ್ಚಿಡುತ್ತೇನೆ ಅಂದಿದ್ದೀರಿ. ನಾನೂ ಮುಚ್ಚಿಟ್ಟೆ. ಮಗ ಸಾಲ ಮಾಡಿ ಆಪರೇಷನ್ ಮಾಡಿಸಿದ್ದ. ಅಷ್ಟು ದುಡ್ಡು ಸುರಿದ ಮೇಲೂ ನೋವಿದೆ ಅಂತ ಯಾವ ಬಾಯಲ್ಲಿ ಹೇಳಲಿ? ಒಂದು ದಿನ ಬಚ್ಚಲಲ್ಲಿ ಗೋಡೆ ಹಿಡಿದು ನಿಂತಿದ್ದನ್ನು ಅವನೇ ನೋಡಿದ. ‘ಅಮ್ಮ, ನೀನು ಹೇಳಲಿಲ್ಲ ಅಂದರೆ ನನಗೆ ಹೇಗೆ ಗೊತ್ತಾಗುತ್ತೆ?’ ಅಂದ. ಅವತ್ತಿನಿಂದ ಬೆಳಿಗ್ಗೆ ಕಾಫಿ ಹೊತ್ತಿಗೆ, ನೋವು ಹತ್ತಕ್ಕೆ ಎಷ್ಟು ಅಂತ ಒಂದು ನಂಬರ್ ಹೇಳುತ್ತೇನೆ. ಏಳು ಅಂದರೆ ಅವತ್ತು ಸೊಸೆ ಅಡುಗೆ ಮಾಡುತ್ತಾಳೆ. ಮೂರು ಅಂದರೆ ನಾನು. ಅದರ ಮೇಲೆ ಮಾತಿಲ್ಲ, ಗೋಳಿಲ್ಲ. ನೀವೂ ಇಷ್ಟನ್ನು ಶುರು ಮಾಡಿ ನೋಡಿ. ‘ಭ್ರಮೆ’ ಅನ್ನುವವರ ಬಾಯಿಗೆ ಒಂದು ತಿಂಗಳ ನಂಬರುಗಳು ಉತ್ತರ ಕೊಡುತ್ತವೆ.

ಇವು ಬಂದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ: ಜ್ವರ, ಗಾಯದಿಂದ ನೀರು ಅಥವಾ ಕೀವು, ಇದ್ದಕ್ಕಿದ್ದಂತೆ ಕಾಲೂರಲು ಆಗದಿರುವುದು, ಮೀನಖಂಡ ಊದಿ ನೋಯುವುದು, ಮೂತ್ರ ಮಲದ ಹಿಡಿತ ತಪ್ಪುವುದು.

ಈ ನೋವು ಹೋಗುತ್ತಾ ಅಂತ ಕೊನೆಗೆ ಕೇಳಿದ್ದೀರಿ. ನನ್ನದು ಪೂರ್ತಿ ಹೋಗಿಲ್ಲ. ಮುಂಚೆ ದಿನಾ ಏಳು ಇತ್ತು, ಈಗ ಹೆಚ್ಚಿನ ದಿನ ಮೂರು. ಮಳೆಗಾಲದಲ್ಲಿ ಕೆಲವು ದಿನ ಐದು. ನಿಮಗೆ ಹೇಗೆ ಅಂತ ನಾನು ಹೇಳಲಾರೆ, ಯಾಕೆಂದರೆ ನಿಮಗೆ ಎಲ್ಲಿ ನೋಯುತ್ತೆ ಅಂತ ನೀವು ಬರೆದಿಲ್ಲ. ನೀವೂ ‘ಸೊಂಟ’ ಅಂತಲೇ ಬರೆದಿದ್ದೀರಿ. ಈಗ ಎದ್ದು ನಿಂತು ಒಂದು ಬೆರಳಿಟ್ಟು ನೋಡಿ. ಜಾಗ ಯಾವುದು, ಯಾವ ಹೊತ್ತಿಗೆ ಜಾಸ್ತಿ, ಇಷ್ಟನ್ನು ಬರೆಯಿರಿ. ನಾನು ಡಾಕ್ಟರಿಗೆ ಕೇಳಿದ ಪ್ರಶ್ನೆಗಳ ಪುಸ್ತಕ ಇನ್ನೂ ಇಟ್ಟುಕೊಂಡಿದ್ದೇನೆ. ನಿಮಗೆ ಬೇಕಾದ್ದನ್ನು ಅದರಿಂದ ಆರಿಸಿ ಇಲ್ಲಿ ಬರೆಯುತ್ತೇನೆ.