ಚಕ್ರ ನೇರ, ಹ್ಯಾಂಡಲ್ ಓರೆ: ಗುದ್ದಿದ ಬೈಕ್‌ನ ಮುಂಭಾಗ ಮನೆಯಲ್ಲೇ ಸರಿಮಾಡಬಹುದೇ?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದವನು. 2019ರ ಕೊನೆಯಲ್ಲಿ ಕೊಂಡ 150 ಸಿಸಿ ಬೈಕ್ ಇದೆ. ಹೋದ ತಿಂಗಳು ಮೈಸೂರು ರಸ್ತೆಯಲ್ಲಿ, ನಾಯಂಡಹಳ್ಳಿ ಹತ್ತಿರ ಮುಂದಿದ್ದ ಕಾರು ಗಕ್ಕನೆ ನಿಂತಿತು, ಅದರ ಬಂಪರ್‌ಗೆ ಗುದ್ದಿದೆ. ವೇಗ ಮೂವತ್ತರ ಆಸುಪಾಸು. ಮೊಣಕೈ ತರಚಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಈಗ ಗಾಡಿ ನೇರ ಹೋಗಬೇಕಾದರೆ ಹ್ಯಾಂಡಲ್ ಎಡಕ್ಕೆ ತಿರುಗಿಸಿ ಹಿಡಿಯಬೇಕು. ಮುಂದಿನ ಚಕ್ರವನ್ನು ಎರಡೂ ಪಕ್ಕದಲ್ಲಿ ಹಿಡಿದಿರುವ ಫೋರ್ಕ್‌ಗಳಲ್ಲಿ ಬಲಗಡೆಯದರಿಂದ ಆಯಿಲ್ ಒಸರುತ್ತಿದೆ. ಸರ್ವಿಸ್ ಸೆಂಟರಿನವರು ಬಿಚ್ಚಿಯೂ ನೋಡದೆ ಎರಡೂ ಫೋರ್ಕ್, ಟಿ (ಫೋರ್ಕ್‌ಗಳನ್ನು ಹಿಡಿದು ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ ಸೇರಿಸುವ ಭಾಗ), ಚಕ್ರ ಎಲ್ಲ ಬದಲಿಸಬೇಕು ಎಂದು ಎಸ್ಟಿಮೇಟ್ ಬರೆದುಕೊಟ್ಟರು. ಚೈನ್, ಬ್ರೇಕ್ ಪ್ಯಾಡ್ ನಾನೇ ಹಾಕಿಕೊಳ್ಳುತ್ತೇನೆ. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಜಾಗವೂ ಇದೆ. ಈ ಕೆಲಸ ನನ್ನಿಂದ ಆಗುತ್ತದೆಯೇ?

ಉತ್ತರ: ಆಗುತ್ತದೆ. ಆದರೆ ಇವತ್ತಿನಿಂದ ಆ ಗಾಡಿಯನ್ನು ರಸ್ತೆಗಿಳಿಸಬೇಡಿ. ಫೋರ್ಕ್ ಆಯಿಲ್ ಡಿಸ್ಕ್ ಮೇಲೆ ಇಳಿದರೆ ಮುಂದಿನ ಬ್ರೇಕ್ ಇದ್ದೂ ಇಲ್ಲದಂತೆ.

ಗುದ್ದಿದ ಬೈಕ್‌ನಲ್ಲಿ ಎರಡು ಬಗೆಯ ತೊಂದರೆ ಇರುತ್ತವೆ. ಭಾಗಗಳು ಹಿಡಿತದಲ್ಲೇ ಜಾರಿ ತಿರುಚಿಕೊಂಡಿರುವುದು ಒಂದು, ಲೋಹವೇ ಸೊಟ್ಟಗಾಗಿರುವುದು ಇನ್ನೊಂದು. ಮೊದಲನೆಯದಕ್ಕೆ ದುಡ್ಡು ಬೇಡ, ಒಂದು ಗಂಟೆ ಬಿಡುವು ಸಾಕು. ಎರಡನೆಯದಕ್ಕೆ ಹೊಸ ಭಾಗ ಬೇಕು. ಸೀಟಿನ ಮೇಲೆ ಕೂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಯಾವುದು ತಿರುಚಿದೆ, ಯಾವುದು ಸೊಟ್ಟಗಾಗಿದೆ ಎಂದು ಕಂಡುಕೊಳ್ಳಿ. ಬಿಚ್ಚದೆ ಬರೆದ ಎಸ್ಟಿಮೇಟ್ ಬರೀ ಊಹೆ.

ಮೊದಲು ನೋಡಬೇಕಾದದ್ದು ಫೋರ್ಕ್ ಅಲ್ಲ, ಚಾಸಿಯ ಕುತ್ತಿಗೆ. ಅಂದರೆ ಟಿ-ಯ ಕಂಬ ತೂರಿಕೊಳ್ಳುವ ಗಟ್ಟಿ ಕೊಳವೆ. ಅದರ ಕೆಳಗೆ, ಎಂಜಿನ್ ಕಡೆಗೆ ಇಳಿಯುವ ಪೈಪ್ ಬೆಸೆದಿರುವ ಜಾಗವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಡಿ. ಪೇಂಟ್ ಸುಕ್ಕುಗಟ್ಟಿದ್ದರೆ, ಹಪ್ಪಳದಂತೆ ಎದ್ದಿದ್ದರೆ, ಕೂದಲೆಳೆಯಷ್ಟು ಬಿರುಕು ಕಂಡರೆ ಮನೆಕೆಲಸ ಅಲ್ಲಿಗೇ ಮುಗಿಯಿತು. ಅದು ಚಾಸಿ ಅಲೈನ್‌ಮೆಂಟ್ ಜಿಗ್ (ಚಾಸಿಯನ್ನು ಬಿಗಿದು, ಅಳೆದು ನೇರ ಮಾಡುವ ಸಲಕರಣೆ) ಇರುವ ವರ್ಕ್‌ಶಾಪ್‌ಗೆ ಹೋಗಬೇಕಾದ ಗಾಡಿ. ಬೀದಿಬದಿ ವೆಲ್ಡಿಂಗ್ ಮಾಡಿಸಬೇಡಿ. ಬಹಳಷ್ಟು ಬೈಕ್‌ಗಳಲ್ಲಿ ಚಾಸಿ ನಂಬರ್ ಕೊರೆದಿರುವುದೂ ಅದೇ ಕುತ್ತಿಗೆಯ ಮೇಲೆ. ಅಲ್ಲಿ ಗ್ರೈಂಡರ್ ಆಡಿಸಿದರೆ ನಾಳೆ ಆರ್‌ಟಿಒ ಮುಂದೆ ನಿಂತು ಉತ್ತರ ಕೊಡಬೇಕಾದವರು ನೀವೇ.

ಕುತ್ತಿಗೆ ಚೆನ್ನಾಗಿದೆ ಎಂದುಕೊಳ್ಳೋಣ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ. ಆಕ್ಸಲ್ ನಟ್, ಮಡ್‌ಗಾರ್ಡ್ ಬೋಲ್ಟ್‌ಗಳು, ಟಿ-ಯ ಕೆಳಗಿನ ಹಿಡಿತದ ಬೋಲ್ಟ್‌ಗಳು, ಮೇಲಿನ ಬೋಲ್ಟ್‌ಗಳು ಎಲ್ಲವನ್ನೂ ಸಡಿಲಿಸಿ, ಬಿಚ್ಚಬೇಡಿ. ಮಡ್‌ಗಾರ್ಡ್ ಮರೆಯುವವರೇ ಹೆಚ್ಚು. ಎರಡೂ ಫೋರ್ಕ್‌ಗಳನ್ನು ಸೇರಿಸಿ ಹಿಡಿದಿರುವುದರಿಂದ ಅದು ಬಿಗಿಯಾಗಿದ್ದರೆ ತಿರುಚು ಬಿಡುವುದೇ ಇಲ್ಲ. ಈಗ ಬೈಕ್‌ಗೆ ಎದುರಾಗಿ ನಿಂತು ಚಕ್ರವನ್ನು ಮಂಡಿಗಳ ನಡುವೆ ಗಟ್ಟಿಯಾಗಿ ಹಿಡಿದು, ಹ್ಯಾಂಡಲನ್ನು ನೇರವಾಗುವ ಕಡೆಗೆ ಎಳೆಯಿರಿ. ಕಟಕ್ಕೆಂದು ಜಾರಿ ನೇರವಾದರೆ ನಿಮ್ಮ ಅರ್ಧ ತೊಂದರೆ ಬರೀ ತಿರುಚು. ಮೂವತ್ತರ ವೇಗದ ಗುದ್ದಿಗೆ ಇಷ್ಟರಲ್ಲೇ ಸರಿಹೋದ ಗಾಡಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಹ್ಯಾಂಡಲ್ ಪೈಪೇ ಸೊಟ್ಟಗಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಎರಡೂ ಹಿಡಿಗಳು ಪೆಟ್ರೋಲ್ ಟ್ಯಾಂಕ್‌ನಿಂದ ಒಂದೇ ದೂರದಲ್ಲಿವೆಯೇ ಎಂದು ಟೇಪ್ ಹಿಡಿದು ಅಳೆಯಿರಿ.

ನಿಮ್ಮದು ಬಲಗಡೆ ಒಸರುತ್ತಿದೆ, ಹಾಗಾಗಿ ಫೋರ್ಕ್ ಬಿಚ್ಚಲೇಬೇಕು. ಎಂಜಿನ್ ಕೆಳಗೆ ಮರದ ದಿಮ್ಮಿ ಇಟ್ಟು ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ದಿಮ್ಮಿಯ ಭಾರ ಸೈಲೆನ್ಸರ್ ಬೆಂಡ್ ಮೇಲೆ ಬೀಳದಿರಲಿ. ಬ್ರೇಕ್ ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರನ್ನು ಹೋಸ್‌ನಿಂದ ನೇತಾಡಲು ಬಿಡದೆ ದಾರದಲ್ಲಿ ಕಟ್ಟಿಡಿ, ಪ್ಯಾಡ್‌ಗಳ ನಡುವೆ ರಟ್ಟು ಸಿಕ್ಕಿಸಿ. ಆಮೇಲೆ ಮನೆಯ ಮಕ್ಕಳು ಬಂದು ಬ್ರೇಕ್ ಲಿವರ್ ಒತ್ತಿದರೂ ಪಿಸ್ಟನ್ ಹೊರಬರುವುದಿಲ್ಲ. ಫೋರ್ಕ್‌ನ ಮೇಲಿನ ಮುಚ್ಚಳವನ್ನು ಅದು ಟಿ-ಯಲ್ಲಿ ಇರುವಾಗಲೇ ಒಂದು ಸುತ್ತು ಸಡಿಲಿಸಿಕೊಳ್ಳಿ. ಪೂರ್ತಿ ಬಿಚ್ಚುವಾಗ ಮುಖ ಪಕ್ಕಕ್ಕಿರಲಿ, ಒಳಗಿನ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ.

ಆಯಿಲ್ ಬಸಿದು, ತಳದ ಎಲನ್ ಬೋಲ್ಟ್ ತೆಗೆದು ಸ್ಟೀಲ್ ಪೈಪನ್ನು ಹೊರಗೆಳೆಯಿರಿ. ಈಗ ಟೀಪಾಯಿಯ ದಪ್ಪ ಗಾಜನ್ನು ಟ್ಯೂಬ್‌ಲೈಟ್ ಕೆಳಗೆ ತಂದಿಡಿ. ಪೈಪನ್ನು ಒರೆಸಿ ಗಾಜಿನ ಮೇಲಿಟ್ಟು ಒಂದೇ ಬೆರಳಿನಲ್ಲಿ ನಿಧಾನಕ್ಕೆ ಉರುಳಿಸಿ. ನೇರವಿದ್ದರೆ ಸದ್ದಿಲ್ಲದೆ ಉರುಳುತ್ತದೆ, ಪೈಪ್ ಮತ್ತು ಗಾಜು ಕೂಡುವ ಕಡೆ ಬೆಳಕು ನುಸುಳುವುದಿಲ್ಲ. ಸೊಟ್ಟಗಿದ್ದರೆ ಒಂದು ಸುತ್ತಿನಲ್ಲಿ ಎಲ್ಲೋ ಒಂದೆಡೆ ತಡೆದು, ಆಮೇಲೆ ತಾನಾಗಿ ಹೊರಳಿ ಬೀಳುತ್ತದೆ. ಅದೇ ಜಾಗದಲ್ಲಿ ಪೈಪ್ ಅಡಿಯಲ್ಲಿ ಬೆಳಕಿನ ಸಣ್ಣ ಗೆರೆ ಕಾಣುತ್ತದೆ. ಹಲವು ಸರ್ವಿಸ್ ಮ್ಯಾನುವಲ್‌ಗಳು ಇದಕ್ಕೆ ಕೊಡುವ ಮಿತಿ 0.2 ಮಿಲಿಮೀಟರ್. ಜೆರಾಕ್ಸ್ ಅಂಗಡಿಯ ಸಾಮಾನ್ಯ ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ಎರಡು ಹಾಳೆ ಒಟ್ಟಿಗೆ ಆ ಸಂದಿಯಲ್ಲಿ ತೂರಿದರೆ ಪೈಪ್ ಹೋಯಿತೆಂದೇ ಲೆಕ್ಕ. ಎದುರಿನ ಗುದ್ದಿಗೆ ಪೈಪ್ ಮಣಿಯುವುದು ಹೆಚ್ಚಾಗಿ ಟಿ-ಯ ಕೆಳಗಿನ ಹಿಡಿತದ ಬುಡದಲ್ಲಿ, ಅಲ್ಲಿ ವಿಶೇಷ ಗಮನ ಕೊಡಿ. ಕ್ರೋಮ್ ಎದ್ದಿದೆಯೇ ಎಂದು ಉಗುರಿನಲ್ಲಿ ಗೀಚಿ ನೋಡಿ. ಉಗುರಿಗೆ ತಾಗುವ ಗೀರು ಹೊಸ ಸೀಲನ್ನೂ (ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಹರಿಯುತ್ತದೆ.

ಟಿ ನೋಡಲೂ ಗಾಜೇ ಬೇಕು, ಈ ಸಲ ಚಿಕ್ಕ ಕನ್ನಡಿ ತುಂಡು ಸಾಕು. ನೇರವಿರುವ ಎರಡು ಪೈಪ್‌ಗಳನ್ನು ಟಿ-ಗೆ ಹಾಕಿ ಬಿಗಿಮಾಡಿ, ಕನ್ನಡಿಯನ್ನು ಎರಡೂ ಪೈಪ್‌ಗಳಿಗೆ ಅಡ್ಡಲಾಗಿ ಒತ್ತಿ ಹಿಡಿಯಿರಿ. ನಾಲ್ಕೂ ಮೂಲೆ ಕೂತರೆ ಟಿ ಸರಿ. ಒಂದು ಮೂಲೆ ಕುಂಟಿದರೆ ಹಿಡಿತ ಸಡಿಲಿಸಿ, ಪೈಪ್ ಹೊರಳಿಸಿ, ಮತ್ತೆ ನೋಡಿ. ಆಗಲೂ ಕುಂಟಿದರೆ ಟಿ ಸೊಟ್ಟ. ಅದನ್ನು ಬಡಿದು ನೇರ ಮಾಡುವ ಮಾತೇ ಬೇಡ, ಬದಲಿಸಿ.

ಟಿ ಬಿಚ್ಚಿದ್ದರೆ ಕೋನ್ ಸೆಟ್ (ಹ್ಯಾಂಡಲ್ ಸಲೀಸಾಗಿ ತಿರುಗಲು ಕುತ್ತಿಗೆಯಲ್ಲಿರುವ ಗುಂಡು, ಬಟ್ಟಲುಗಳ ಬೇರಿಂಗ್) ಹೊಸದೇ ಹಾಕಿ. ಗುದ್ದಿದ ಏಟಿಗೆ ಗುಂಡುಗಳು ಬಟ್ಟಲಿನಲ್ಲಿ ಕುಳಿ ಮಾಡಿರುತ್ತವೆ, ಹ್ಯಾಂಡಲ್ ನಡುಮಧ್ಯಕ್ಕೆ ಬಂದಾಗ ಕುಳಿಯಲ್ಲಿ ಕೂತಂತೆ ತಡೆಯುತ್ತದೆ. ಬಿಡಿ ಗುಂಡುಗಳಿದ್ದರೆ ಮೇಲಿನವೆಷ್ಟು, ಕೆಳಗಿನವೆಷ್ಟು ಎಂದು ಎಣಿಸಿ ಗೋಡೆಯ ಮೇಲೇ ಬರೆದಿಡಿ.

ಹೊಸ ಸೀಲ್ ಕೂರಿಸುವಾಗ ಪೈಪ್‌ನ ಚೂಪು ಅಂಚು ಅದರ ತುಟಿಯನ್ನು ಕತ್ತರಿಸದಂತೆ ನಂದಿನಿ ಹಾಲಿನ ಖಾಲಿ ಕವರ್ ತೊಡಿಸಿ, ಆಯಿಲ್ ಸವರಿ ಜಾರಿಸಿ. ಸೀಲನ್ನು ಕೆಳಗಿಳಿಸಲು ತಕ್ಕ ಅಳತೆಯ ಪಿವಿಸಿ ಪೈಪ್ ತುಂಡು ಸಾಕು. ಹಳೆಯ ಸೀಲನ್ನು ಹೊಸದರ ಮೇಲಿಟ್ಟು ಸುತ್ತಲೂ ಸಮನಾಗಿ ತಟ್ಟಿ. ಎಡಗಡೆ ಸೀಲನ್ನೂ ಈಗಲೇ ಬದಲಿಸಿ. ಆಯಿಲ್ ಎಷ್ಟು, ಯಾವ ದರ್ಜೆ ಎಂಬುದು ನಿಮ್ಮ ಮಾಡೆಲ್‌ನ ಮ್ಯಾನುವಲ್‌ನಲ್ಲಿದೆ. ಎರಡೂ ಫೋರ್ಕ್‌ಗೆ ಒಂದೇ ಅಳತೆ ಬೀಳಬೇಕು, ಕೆಮ್ಮಿನ ಔಷಧಿಯ ಅಳತೆ ಲೋಟ ಇಂಥದ್ದಕ್ಕೆ ಒಳ್ಳೆಯದು. ಎಂಜಿನ್ ಆಯಿಲ್ ಸುರಿಯಬೇಡಿ.

ಚಕ್ರ ಬದಲಿಸಲೇಬೇಕೇ ಎಂಬುದಕ್ಕೆ ಫೋರ್ಕ್‌ಗೆ ಪೆನ್ಸಿಲ್ ಕಟ್ಟಿ, ತುದಿಯನ್ನು ರಿಮ್ ಅಂಚಿಗೆ ಹತ್ತಿರ ತಂದು ಚಕ್ರ ತಿರುಗಿಸಿ. ಓಲಾಟ 2 ಮಿಲಿಮೀಟರ್ ಮೀರಬಾರದು. ಸ್ಪೋಕ್ ಚಕ್ರವಾದರೆ ಸ್ಪೋಕ್ ಬಿಗಿದು ಸರಿಮಾಡುವವರಿದ್ದಾರೆ. ನಿಮ್ಮದು ಅಲಾಯ್ ಆಗಿದ್ದರೆ ತೊಳೆದು, ಕಡ್ಡಿಗಳ ಬುಡದಲ್ಲಿ ಬಿರುಕು ಹುಡುಕಿ. ಕಾಯಿಸಿ ಬಡಿದ ಅಲಾಯ್ ಚಕ್ರವನ್ನು ನಾನು ನಂಬುವುದಿಲ್ಲ. ಆಯಿಲ್ ಕುಡಿದ ಬ್ರೇಕ್ ಪ್ಯಾಡನ್ನು ಉಜ್ಜಿ ಉಳಿಸಿಕೊಳ್ಳಲು ಹೋಗಬೇಡಿ, ಎಸೆಯಿರಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕ್‌ಗಳಿಗೆ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದ್ದರಿಂದ ನಿಮ್ಮ ಮುಂದಿನ ಚಕ್ರದ ಪಕ್ಕದಲ್ಲಿ ಸೆನ್ಸರ್ ಇರುತ್ತದೆ. ಅದರ ವೈರ್ ಹ್ಯಾಂಡಲ್ ತಿರುಗಿದಾಗ ಸೆಳೆಯದಂತೆ ಹಳೆಯ ದಾರಿಯಲ್ಲೇ ಹಾಯಿಸಿ.

ಜೋಡಿಸುವಾಗ ಆಕ್ಸಲ್ ತೂರಿಸಿ, ಟಿ-ಯ ಬೋಲ್ಟ್‌ಗಳನ್ನು ಬಿಗಿಮಾಡಿ, ಗಾಡಿ ಕೆಳಗಿಳಿಸಿ, ಮುಂದಿನ ಬ್ರೇಕ್ ಹಿಡಿದು ಐದಾರು ಸಲ ಕುಕ್ಕಿ. ಫೋರ್ಕ್‌ಗಳು ತಮ್ಮ ಜಾಗ ಹಿಡಿದ ಮೇಲೆ ಆಕ್ಸಲ್, ಕೊನೆಗೆ ಮಡ್‌ಗಾರ್ಡ್. ಇಲ್ಲಿ ಬೋಲ್ಟ್ ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಟಾರ್ಕ್ ರೆಂಚ್ ಬೇಕೇ ಬೇಕು, ಪರಿಚಯದವರಲ್ಲಿ ಕೇಳಿ ತನ್ನಿ. ಇಷ್ಟಾದ ಮೇಲೆ ಹಿಂದಿನ ಚಕ್ರದ ಹಿಂಬದಿಯಿಂದ ಎರಡೂ ಪಕ್ಕಕ್ಕೆ ದಾರ ಎಳೆದು ಮುಂದಿನ ಚಕ್ರದವರೆಗೆ ತನ್ನಿ. ಎರಡೂ ಬದಿಯ ಸಂದಿ ಸಮವಿರಬೇಕು. ಹೊಸ ಪೈಪ್, ಸರಿಯಿರುವ ಟಿ ಇದ್ದೂ ಸಂದಿ ಸಮವಾಗದಿದ್ದರೆ ಕುತ್ತಿಗೆಯೇ ತಿರುಚಿದೆ, ಆಗ ಜಿಗ್ ಇರುವವರ ಹತ್ತಿರ ಹೋಗುವುದೊಂದೇ ದಾರಿ. ಎಲ್ಲ ಸರಿಯಿದ್ದರೆ ಭಾನುವಾರ ಬೆಳಗ್ಗೆ ನಿಮ್ಮದೇ ಅಡ್ಡರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಓಡಿಸಿ ನೋಡಿ. ಎಬಿಎಸ್ ದೀಪ ಗಾಡಿ ಹೊರಟ ಸ್ವಲ್ಪದರಲ್ಲೇ ಆರಬೇಕು.

ಪೈಪ್ ಬೇಕಾದರೆ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಅಂಗಡಿಗಳಿಗೆ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಒಂದೇ ಹೆಸರಿನ ಬೈಕ್‌ಗೂ ವರ್ಷದಿಂದ ವರ್ಷಕ್ಕೆ ಪೈಪ್‌ನ ಅಳತೆ ಬದಲಾಗಿರುತ್ತದೆ. ಬಿಲ್ ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ಪೀಣ್ಯದ ಲೇತ್‌ನವರು ನನ್ನ ಸೊಟ್ಟಗಾದ ಫೋರ್ಕ್ ಪೈಪನ್ನು ಪ್ರೆಸ್‌ನಲ್ಲಿ ನೇರ ಮಾಡಿಕೊಡುತ್ತೇನೆ ಎನ್ನುತ್ತಾರೆ. ಹೊಸದರ ಕಾಲುಭಾಗ ಖರ್ಚು. ಮಾಡಿಸಲೇ? (ದಾಸರಹಳ್ಳಿ ಓದುಗರು)

ಉತ್ತರ: ಊರಿನಲ್ಲಿ ಇದು ಸಾಮಾನ್ಯ ರೂಢಿ. ಪಳಗಿದ ಕೈಯವರು ಸಣ್ಣ ಬಾಗನ್ನು ನೇರವಾಗಿಯೇ ತೆಗೆಯುತ್ತಾರೆ, ಅವರ ಕೌಶಲದ ಬಗ್ಗೆ ನನ್ನ ಆಕ್ಷೇಪವಿಲ್ಲ. ನನ್ನ ಭಯ ಲೋಹದ್ದು. ಒಮ್ಮೆ ಮಣಿದು ಮತ್ತೆ ಎದುರು ದಿಕ್ಕಿಗೆ ಮಣಿಸಿದ ಉಕ್ಕು ಆ ಜಾಗದಲ್ಲಿ ದಣಿದಿರುತ್ತದೆ. ಕ್ರೋಮ್‌ನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿದ್ದು, ಅಲ್ಲಿ ತುಕ್ಕು ಹಿಡಿದು ಸೀಲ್ ಹರಿಯುತ್ತದೆ. ಕಸುಬಿನ ಆರಂಭದ ವರ್ಷಗಳಲ್ಲಿ ನಾನೂ ಒಬ್ಬರಿಗೆ ಹೀಗೆ ಮಾಡಿಸಿಕೊಟ್ಟಿದ್ದೆ. ಒಂದೇ ಮಳೆಗಾಲದಲ್ಲಿ ಎರಡು ಸಲ ಸೀಲ್ ಸೋರಿ ಗಾಡಿ ವಾಪಸ್ ಬಂತು. ಮೂರನೇ ಸಲ ನಾನೇ ಹೊಸ ಪೈಪ್ ಹಾಕಿಕೊಟ್ಟೆ. ಆವತ್ತಿನಿಂದ ಯಾರಿಗೂ ಅದನ್ನು ಹೇಳಿಲ್ಲ. ಈ ನಗರದಲ್ಲಿ ಬೈಕ್‌ನ ಮುಂಭಾಗ ತಿನ್ನುವ ಏಟು ಕಮ್ಮಿಯಲ್ಲ. ವೈಟ್ ಟಾಪಿಂಗ್ (ರಸ್ತೆಯ ಮೇಲೆ ಹಾಕಿದ ಕಾಂಕ್ರೀಟ್ ಪದರ) ಮುಗಿದು ಡಾಂಬರು ಶುರುವಾಗುವ ಕಡೆಯ ಮೆಟ್ಟಿಲೊಂದೇ ಸಾಕು. ಪೈಪ್ ಹೊಸದೇ ಹಾಕಿ.

ಪ್ರಶ್ನೆ: ಆರು ವರ್ಷದ ಬೈಕ್. ಗುಂಡಿಗೆ ಬಿದ್ದು ಮುಂದಿನ ಮಡ್‌ಗಾರ್ಡ್, ಹೆಡ್‌ಲೈಟ್, ಹ್ಯಾಂಡಲ್ ಹಾಳಾಗಿದೆ. ಇನ್ಶೂರೆನ್ಸ್ ಕ್ಲೇಮ್ ಮಾಡಲೇ, ಕೈಯಿಂದ ಹಾಕಲೇ? (ಎಚ್‌ಎಸ್‌ಆರ್ ಬಡಾವಣೆ ಓದುಗರು)

ಉತ್ತರ: ನಿಮ್ಮದು ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಸ್ವಂತ ಗಾಡಿಯ ರಿಪೇರಿಗೆ ಏನೂ ಬರುವುದಿಲ್ಲ. ಪೂರ್ಣ ಪಾಲಿಸಿಯಿದ್ದರೂ ಸವಕಳಿ ಕಳೆದೇ ಕೊಡುತ್ತಾರೆ: ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50, ಐದರಿಂದ ಹತ್ತು ವರ್ಷದ ಗಾಡಿಯ ಲೋಹದ ಭಾಗಗಳಿಗೆ ಶೇ 40. ಸವಕಳಿ ಕಳೆಯದ ಜೀರೋ ಡೆಪ್ ಪಾಲಿಸಿ ಇದ್ದರೆ ಲೆಕ್ಕ ಬೇರೆ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿ ಶೇ 20ರಿಂದ ಏರಿ ಶೇ 50ಕ್ಕೆ ಮುಟ್ಟುತ್ತದೆ, ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಆ ರಿಯಾಯಿತಿ ಸಿಗುವುದು ಸ್ವಂತ ಹಾನಿಯ ಪ್ರೀಮಿಯಂಗೆ ಮಾತ್ರ, ಅದನ್ನು ಪಾಲಿಸಿ ಕಾಗದದಲ್ಲಿ ನೋಡಿ. ನೀವು ಹೇಳಿದ ಮೂರು ಭಾಗಗಳಿಗಷ್ಟೇ ಆದರೆ ನಾನು ಕೈಯಿಂದಲೇ ಹಾಕುತ್ತಿದ್ದೆ. ಫೋರ್ಕ್, ಟಿ, ಚಕ್ರವೂ ಸೇರಿದರೆ ಕ್ಲೇಮ್ ಮಾಡಿ. ಆದರೆ ಕ್ಲೇಮ್ ಯೋಚನೆ ಒಂದು ಚೂರಿದ್ದರೂ ಇನ್ಶೂರೆನ್ಸ್ ಕಡೆಯಿಂದ ಹಾನಿ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವವರೆಗೆ ಒಂದು ಬೋಲ್ಟನ್ನೂ ಬಿಚ್ಚಬೇಡಿ. ಗಾಡಿ ಬಿದ್ದ ಜಾಗದಲ್ಲೇ ಫೋಟೋ ತೆಗೆದಿಡಿ, ಕಂಪನಿಗೆ ಕೂಡಲೇ ತಿಳಿಸಿ.

ಪ್ರಶ್ನೆ: ಬೈಕ್ ಸರಿಹೋಯಿತು. ಹೆಲ್ಮೆಟ್ ಮೇಲೆ ಬರೀ ಗೀರು, ಒಡೆದಿಲ್ಲ. ಮುಂದುವರಿಸಬಹುದೇ? (ಯಲಹಂಕ ಓದುಗರು)

ಉತ್ತರ: ಬೀಳುವಾಗ ತಲೆ ನೆಲಕ್ಕೋ ಕಾರಿಗೋ ತಾಗಿದ್ದರೆ ಬೇಡ. ಏಟನ್ನು ನುಂಗುವುದು ಹೊರಚಿಪ್ಪಲ್ಲ, ಒಳಗಿನ ಥರ್ಮೋಕೋಲ್ ಪದರ. ಅದು ಒಮ್ಮೆ ಅಮುಕಿದರೆ ಮತ್ತೆ ಉಬ್ಬುವುದಿಲ್ಲ, ಎರಡನೇ ಏಟು ನೇರ ತಲೆಬುರುಡೆಗೆ ಹೋಗುತ್ತದೆ. ಹೊರಗಿನಿಂದ ಅದು ಕಾಣುವುದೂ ಇಲ್ಲ. ಹೊಸದು ಕೊಳ್ಳುವಾಗ ಐಎಸ್‌ಐ ಗುರುತು, ಜೊತೆಗೆ ಐಎಸ್ 4151 ಎಂಬ ಸಂಖ್ಯೆ ನೋಡಿಕೊಳ್ಳಿ. ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಗಲ್ಲದ ಪಟ್ಟಿ ಕತ್ತರಿಸಿ ಹಾಕಿ, ಇನ್ಯಾರೋ ಅದನ್ನು ತಲೆಗೆ ಹಾಕಿಕೊಳ್ಳದಿರಲಿ.